ಕೂಸಿನ ಸಲಕರಣೆಗಳೂ ಬಲ್ಲವರ ಪರದಾಟವೂ

ಹೋದ ಮಾಗಿಯಲ್ಲಿ ಮಿತ್ರರೊಬ್ಬರ ಜೊತೆಗೆ ಧಾರವಾಡದ ರೈಲುನಿಲ್ದಾಣಕ್ಕೆ ಹೋಗುವ ಪ್ರಸಂಗವು ನನಗೆ ಒದಗಿತು. ಮಿತ್ರರು ಮೂವತ್ತು ವರ್ಷಗಳ ಕಾಲ ಎಂಜಿನಿಯರರಾಗಿದ್ದು ನಿವೃತ್ತರಾದವರು. ಅವರು ಕಟ್ಟಿಸಿದ ಸೇತುವೆಗಳ ಮೇಲೆ ಇಂದಿಗೂ ಜನರೂ ವಾಹನಗಳೂ ನಿಶ್ಚಿಂತೆಯಿಂದ ಸಂಚರಿಸುತ್ತಿರುವುದನ್ನು ನಾನು ಬಲ್ಲೆನು. ಪರದೇಶದಲ್ಲಿದ್ದ ಅವರ ಮಗಳು ಹತ್ತು ತಿಂಗಳ ಕೂಸಿನೊಡನೆ ಬಂದಿಳಿದಳು. ನಿಲ್ದಾಣದ ಹೊರಗೆ ಕಾರು ಕಾದಿತ್ತು. ಕೂಸು ತಾಯಿಯ ಹೆಗಲೇರಿತು. ಕೂಸಿನ ಮಡಿಚುವ ಕೈಗಾಡಿಯು ತಾತನ ಪಾಲಿಗೆ ಬಂದಿತು. ಅದನ್ನು ಮಡಿಚಿ ಕಾರಿನ ಹಿಂಬದಿಯಲ್ಲಿ ಇಡಬೇಕು, ಕೆಲಸವೆಂದರೆ ಅಷ್ಟೇ.

ಅವರು ಒಂದು ಕೊಂಡಿಯನ್ನು ಒತ್ತಿದರು, ಇನ್ನೊಂದನ್ನು ಎಳೆದರು. ಗಾಡಿಯ ಬಲಮಗ್ಗುಲು ಬಾಗಿತು, ಎಡಮಗ್ಗುಲು ಬಿಗಿದುಕೊಂಡು ನಿಂತಿತು. ಎಡಮಗ್ಗುಲನ್ನು ಬಾಗಿಸುವಷ್ಟರಲ್ಲಿ ಬಲಮಗ್ಗುಲು ಮತ್ತೆ ನೆಟ್ಟಗಾಯಿತು. ಸುತ್ತ ನೆರೆದ ಹಮಾಲರೂ ರಿಕ್ಷಾದವರೂ ತಲೆಗೊಂದು ಉಪಾಯ ಹೇಳಿದರು. ಕಡೆಗೆ ಮಗಳು ಬಂದು, ಕೂಸನ್ನು ಒಂದು ತೋಳಿನಲ್ಲಿ ಹಿಡಿದುಕೊಂಡೇ, ಕಾಲಿನಿಂದ ಏನನ್ನೋ ಮೀಟಿ, ಇನ್ನೊಂದು ಕೈಯಿಂದ ಎತ್ತಿದಳು. ಗಾಡಿಯು ಕೊಡೆಯಂತೆ ಮುಚ್ಚಿಕೊಂಡಿತು. ಎಲ್ಲರೂ ನಕ್ಕರು, ಮಿತ್ರರೂ ನಕ್ಕರು. ಆದರೆ ಸಾಯಂಕಾಲ ಅವರು ನನ್ನೊಡನೆ ಹೇಳಿದ ಮಾತು ಬೇರೆ: “ಸೇತುವೆಯ ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕಬಹುದು. ಇದರಲ್ಲಿ ನಾನು ಎಲ್ಲಿ ತಪ್ಪಿದೆನೆಂಬುದೇ ತಿಳಿಯಲಿಲ್ಲ. ನಾಳೆ ಕೂಸನ್ನು ನನ್ನ ವಶಕ್ಕೆ ಬಿಟ್ಟು ಹೋಗಲು ಮಗಳಿಗೆ ಧೈರ್ಯ ಬಂದೀತೆ?”

ಈ ಮಾತಿನಲ್ಲಿ ವಿನೋದಕ್ಕಿಂತ ವ್ಯಥೆಯೇ ಹೆಚ್ಚಾಗಿದ್ದಿತು. ಲೋಕದ ದೊಡ್ಡ ಯಂತ್ರಗಳನ್ನು ನಡೆಸಿದವರು ಹಾಲಿನ ಸೀಸೆಯ ಮುಚ್ಚಳಕ್ಕೂ ಎಳೆಗೂಸಿನ ಲಂಗೋಟಿಗೂ ಸೋಲುವುದನ್ನು ನಾವು ಮನೆಮನೆಯಲ್ಲಿಯೂ ಕಾಣುತ್ತೇವೆ. ತಪ್ಪು ಕೈಯದೋ, ಸಲಕರಣೆಯದೋ? ಈ ಪ್ರಶ್ನೆಗೆ ಉತ್ತರವನ್ನು ಕೈಪಿಡಿಗಳಲ್ಲಿ ಹುಡುಕುವುದಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಲೇಸೆಂದು ನನಗೆ ತೋರುತ್ತದೆ. ಏಕೆಂದರೆ ಈ ಪರದಾಟವು ನಗೆಗೆ ಮಾತ್ರ ವಸ್ತುವಾಗಿರದೆ, ಒಂದು ಕಾಲದಲ್ಲಿ ಕೂಸುಗಳ ಪ್ರಾಣಕ್ಕೂ ಮುಟ್ಟಿದ್ದುಂಟು.

ಮೊದಲು ನಮ್ಮ ಮನೆಯಲ್ಲಿದ್ದ ಸಲಕರಣೆಯೊಂದನ್ನು ನೋಡೋಣ. ಒಳಲೆಯನ್ನು ಅರಿಯದ ಹಿರಿಯರು ಕನ್ನಡನಾಡಿನಲ್ಲಿ ವಿರಳ. ಬೆಳ್ಳಿಯದೋ ಹಿತ್ತಾಳೆಯದೋ ಆದ ಆ ಪುಟ್ಟ ಪಾತ್ರೆಗೆ ಹಕ್ಕಿಯ ಕೊಕ್ಕಿನಂತೆ ಮುಂದೆ ಚಾಚಿದ ತುಟಿಯೊಂದಿರುತ್ತದೆ. ಅದರಲ್ಲಿ ಬಿಚ್ಚುವ ಭಾಗವಿಲ್ಲ, ಸಿಕ್ಕಿಸುವ ಕೊಂಡಿಯಿಲ್ಲ. ಆದರೂ ಅದು ಸುಲಭವೆಂದು ತಿಳಿಯಬಾರದು. ಕೂಸಿನ ತಲೆಯನ್ನು ಎಷ್ಟು ಎತ್ತಿ ಹಿಡಿಯಬೇಕು, ಒಳಲೆಯನ್ನು ಎಷ್ಟು ಬಾಗಿಸಬೇಕು, ಕೂಸು ನುಂಗಿದ ಮೇಲೆ ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಅರಿಯದವರು ಕೈಗೆ ತೆಗೆದುಕೊಂಡರೆ ಹಾಲು ನೆತ್ತಿಗೇರುವುದು ಖಂಡಿತ. ಚೊಚ್ಚಲ ಬಾಣಂತಿಯ ಕೈಯೂ ನಡುಗುತ್ತಿದ್ದಿತು. ಆದರೆ ಅವಳ ಪಕ್ಕದಲ್ಲಿ ಅವಳ ತಾಯಿಯೋ ಅಜ್ಜಿಯೋ ಕುಳಿತಿರುತ್ತಿದ್ದಳು. ಅಜ್ಜಿಯು ತನ್ನ ಕೈಯನ್ನು ಮೊಮ್ಮಗಳ ಕೈಯ ಮೇಲಿಟ್ಟು ಬಾಗಿಸಿ ತೋರಿಸುತ್ತಿದ್ದಳು. ಎರಡು ದಿನಗಳಲ್ಲಿ ಕೌಶಲವು ಕೈಯಿಂದ ಕೈಗೆ ಇಳಿಯುತ್ತಿದ್ದಿತು. ಅಜ್ಜಿ ಹಿಡಿದ ಒಳಲೆಯೂ ಮೊಮ್ಮಗಳು ಹಿಡಿದ ಒಳಲೆಯೂ ಒಂದೇ ಆಗಿದ್ದುದರಿಂದ ಇದು ಸಾಧ್ಯವಾಯಿತು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇಂಥ ಪಾತ್ರೆಗಳು ನಮ್ಮಲ್ಲಿ ಮಾತ್ರ ಇದ್ದುವಲ್ಲ. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಕ್ರಿ. ಪೂ. ೧೨೦೦ ರಿಂದ ೪೫೦ ರ ನಡುವಣ ಕಾಲದ ಮಕ್ಕಳ ಗೋರಿಗಳಲ್ಲಿ, ತುಟಿಯುಳ್ಳ ಸಣ್ಣ ಮಣ್ಣಿನ ಪಾತ್ರೆಗಳು ದೊರೆತಿವೆ. ೨೦೧೯ ರಲ್ಲಿ ವಿದ್ವಾಂಸರು ಅಂಥ ಮೂರು ಪಾತ್ರೆಗಳ ಒಳಮೈಯನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಮೆಲುಕುಹಾಕುವ ಪ್ರಾಣಿಗಳ ಹಾಲಿನ ಅಂಶವನ್ನು ಕಂಡುಹಿಡಿದರು. ತಾಯಿಯ ಹಾಲಿಗೆ ಬದಲಾಗಿಯೋ ಅದರ ಜೊತೆಗೋ ಕೂಸಿಗೆ ಬೇರೆ ಹಾಲನ್ನು ಊಡಿಸುವ ಪ್ರಯತ್ನವು ಮೂರು ಸಾವಿರ ವರ್ಷಗಳಷ್ಟು ಹಳೆಯದೆಂದು ಇದರಿಂದ ಸಿದ್ಧವಾಯಿತು. ಆ ಪಾತ್ರೆಗಳು ಗೋರಿಯಲ್ಲಿ ದೊರೆತುವೆಂಬುದನ್ನು ನೆನೆದಾಗ ಮನಸ್ಸು ಮರುಗುತ್ತದೆ.

ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ವೇಳೆಗೆ ವೈದ್ಯರ ದೃಷ್ಟಿಯು ಈ ಕಡೆಗೆ ಹೊರಳಿತು. ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯ ಹ್ಯೂ ಸ್ಮಿತ್ ಎಂಬ ವೈದ್ಯನು ೧೭೭೦ ರಲ್ಲಿ ತವರದ ಬೆರಕೆಯ ಲೋಹದಿಂದ ಕಾಫಿಯ ಹೂಜಿಯಂತಹ ಪಾತ್ರೆಯೊಂದನ್ನು ಮಾಡಿಸಿದನು. ಅದರ ಮೂತಿಗೆ ತೂತುಗಳಿದ್ದು, ಮೇಲೆ ಬಟ್ಟೆಯ ಚೂರನ್ನು ಕಟ್ಟಬೇಕಾಗಿದ್ದಿತು; ಕೂಸು ಆ ಬಟ್ಟೆಯ ಮೂಲಕ ಹಾಲನ್ನು ಹೀರುತ್ತಿದ್ದಿತು. ೧೮೪೫ ರಲ್ಲಿ ನ್ಯೂಯಾರ್ಕಿನ ಎಲೈಜಾ ಪ್ರಾಟ್ ಎಂಬವನು ರಬ್ಬರಿನ ತೊಟ್ಟಿಗೆ ಪೇಟೆಂಟನ್ನು ಪಡೆದನು. ಮೊದಲ ರಬ್ಬರಿಗೆ ಕೆಟ್ಟ ವಾಸನೆಯಿದ್ದರೂ ದಿನಕಳೆದಂತೆ ಅದು ಸುಧಾರಿಸಿತು. ಗಾಜು ಅಗ್ಗವಾಯಿತು. ಕಾರ್ಖಾನೆಯ ಕೆಲಸಕ್ಕೆ ಹೋಗುವ ತಾಯಂದಿರು ಹೆಚ್ಚಿದರು. ಹೀಗೆ ಸೀಸೆಯ ಯುಗಕ್ಕೆ ಎಲ್ಲವೂ ಅನುಕೂಲವಾಗಿ ಒದಗಿತು.

೧೮೬೦ ರ ದಶಕದಲ್ಲಿ ಇಂಗ್ಲೆಂಡಿನ ಅಂಗಡಿಗಳಿಗೆ ಹೊಸ ಬಗೆಯ ಸೀಸೆಯೊಂದು ಬಂದಿತು. ಚಪ್ಪಟೆಯಾದ ಗಾಜಿನ ಸೀಸೆ. ಅದರ ಬಾಯಿಂದ ಹೊರಟ ಉದ್ದವಾದ ರಬ್ಬರಿನ ಕೊಳವೆ. ಕೊಳವೆಯ ತುದಿಗೆ ತೊಟ್ಟು. ಸೀಸೆಯನ್ನು ಕೂಸಿನ ಮಗ್ಗುಲಲ್ಲಿಟ್ಟು ತೊಟ್ಟನ್ನು ಬಾಯಿಗೆ ಕೊಟ್ಟರೆ ಸಾಕು, ಕೂಸು ತಾನೇ ಹೀರಿಕೊಳ್ಳುತ್ತಿದ್ದಿತು. ಹಿಡಿಯುವ ಕೈ ಬೇಕಾಗಿರಲಿಲ್ಲ. ತಾಯಿಯು ಅಡಿಗೆಯನ್ನೋ ಹೊಲಿಗೆಯನ್ನೋ ನೋಡಿಕೊಳ್ಳಬಹುದಾಗಿದ್ದಿತು. ಒಳಲೆಗೆ ಬೇಕಾದ ಕೌಶಲವಾಗಲಿ, ಎಚ್ಚರವಾಗಲಿ, ತಾಳ್ಮೆಯಾಗಲಿ ಇದಕ್ಕೆ ಬೇಡ. ರಾಜಕುಮಾರಿಯ ಹೆಸರನ್ನಿಟ್ಟುಕೊಂಡ ಸೀಸೆಗಳೂ, ತಾಯಿಯ ಮುದ್ದಿನ ಹೆಸರನ್ನಿಟ್ಟುಕೊಂಡ ಸೀಸೆಗಳೂ ಮಾರಾಟವಾದುವು. ಬಡವರ ಮನೆಗೂ ಸಿರಿವಂತರ ಮನೆಗೂ ಅವು ಹೊಕ್ಕುವು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಊಡಿಸುವುದಕ್ಕೆ ಇಷ್ಟು ಸುಲಭವಾಗಿದ್ದ ಸೀಸೆಯು ತೊಳೆಯುವುದಕ್ಕೆ ಬಹುಮಟ್ಟಿಗೆ ಅಸಾಧ್ಯವಾಗಿದ್ದಿತು. ಕೊಳವೆಯ ಒಳಗೆ ಬೆರಳು ಹೋಗದು, ಕಣ್ಣು ಹೋಗದು. ಸಣ್ಣ ಕುಂಚವನ್ನು ತೂರಿಸಿದರೂ ಪೂರ್ಣವಾಗಿ ತೊಳೆಯದು. ಹಾಲಿನ ಶೇಷವು ಅಲ್ಲಿಯೇ ಹುಳಿತು ಕೊಳೆಯುತ್ತಿದ್ದಿತು. ಅದರ ಮೇಲೆ, ೧೮೬೧ ರಲ್ಲಿ ಹೊರಬಂದು ಇಂಗ್ಲೆಂಡಿನ ಗೃಹಿಣಿಯರಿಗೆಲ್ಲ ಪ್ರಮಾಣವೆನಿಸಿದ ಇಸಬೆಲ್ಲಾ ಬೀಟನ್ ಎಂಬಾಕೆಯ ಗೃಹಕೃತ್ಯದ ಗ್ರಂಥವು, ತೊಟ್ಟನ್ನು ಒಮ್ಮೆ ಕಟ್ಟಿದ ಬಳಿಕ ಹೊಸದನ್ನು ಹಾಕುವವರೆಗೆ ತೆಗೆಯಬೇಕಾಗಿಲ್ಲವೆಂದೂ, ಹೊಸದು ಎರಡು ವಾರಗಳಿಗೊಮ್ಮೆ ಸಾಕೆಂದೂ ಉಪದೇಶಿಸಿದ್ದಿತು. ಆಕೆಯನ್ನು ದೂಷಿಸುವುದು ನ್ಯಾಯವಲ್ಲ. ರೋಗಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂಬ ಪಾಶ್ಚರನ ಮತ್ತು ಕಾಖನ ಸಿದ್ಧಾಂತವು ಜನಸಾಮಾನ್ಯರ ತಿಳಿವಳಿಕೆಗೆ ಬಂದದ್ದು ಆಮೇಲಿನ ದಶಕಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು ೧೫೦ ವರ್ಷ ತುಂಬುವುದರೊಳಗೆ ತೀರಿಹೋಗುತ್ತಿದ್ದುವು. ಬೇಸಗೆಯ ಅತಿಸಾರವು ಅದಕ್ಕೊಂದು ದೊಡ್ಡ ಕಾರಣವಾಗಿದ್ದಿತು. ಎಲ್ಲ ಮರಣಗಳನ್ನೂ ಸೀಸೆಯ ತಲೆಗೆ ಕಟ್ಟಲಾಗದು. ಆದರೂ ವೈದ್ಯರು ಈ ಕೊಳವೆಯ ಸೀಸೆಯನ್ನು ‘ಕೊಲೆಗಡುಕ ಸೀಸೆ’ ಎಂದೇ ಕರೆಯತೊಡಗಿದರು.

ವೈದ್ಯರು ಬೈದರೂ ಮಾರಾಟವು ಬೇಗನೆ ನಿಲ್ಲಲಿಲ್ಲ. ಫ್ರಾನ್ಸು ದೇಶವು ೧೯೧೦ ರಲ್ಲಿ ಶಾಸನ ಮಾಡಿ ಕೊಳವೆಯ ಸೀಸೆಯನ್ನು ನಿಷೇಧಿಸಬೇಕಾಯಿತು. ಅಷ್ಟರಲ್ಲಿ, ೧೮೯೦ ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ ದೋಣಿಯಾಕಾರದ ಸೀಸೆಯೊಂದು ಹುಟ್ಟಿದ್ದಿತು. ಅದಕ್ಕೆ ಎರಡು ತುದಿಗಳಲ್ಲಿಯೂ ಬಾಯಿ. ಒಂದು ಕಡೆಯಿಂದ ನೀರು ಬಿಟ್ಟರೆ ಇನ್ನೊಂದು ಕಡೆಯಿಂದ ಹರಿದು ಹೋಗುವುದು. ಕೊಳೆಯು ಅಡಗುವುದಕ್ಕೆ ಮೂಲೆಯಿಲ್ಲ. ಯಾರಿಗೂ ಉಪದೇಶ ಬೇಡ; ಸೀಸೆಯ ಆಕಾರವೇ ಉಪದೇಶ. ನನ್ನ ಮನಸ್ಸಿಗೆ ಈ ಎರಡು ಸೀಸೆಗಳ ಕಥೆಯಲ್ಲಿ ನಮ್ಮ ವಿಷಯದ ತಿರುಳೆಲ್ಲ ಅಡಗಿದಂತೆ ತೋರುತ್ತದೆ. ಸುಲಭವಾದ ಸಲಕರಣೆಯೆಲ್ಲ ಒಳ್ಳೆಯದಲ್ಲ. ಯಾವುದರಲ್ಲಿ ಸರಿಯಾದ ರೀತಿಯೇ ಸುಲಭವಾದ ರೀತಿಯೂ ಆಗಿದೆಯೋ ಅದೇ ಒಳ್ಳೆಯ ಸಲಕರಣೆ. ಕೊಳವೆಯ ಸೀಸೆಯಲ್ಲಿ ತಪ್ಪುದಾರಿಯೇ ಸುಲಭವಾಗಿದ್ದಿತು. ದಣಿದ ತಾಯಿಯು ಅದನ್ನೇ ಹಿಡಿದಳು.

ಇನ್ನು ಲಂಗೋಟಿಯ ವಿಚಾರ. ಬಟ್ಟೆಯನ್ನು ಒದೆಯುವ ಕೂಸಿಗೆ ಬಿಗಿಯಾಗಿ ಕಟ್ಟುವುದು, ಆದರೆ ನೋಯದಂತೆ ಕಟ್ಟುವುದು, ಯಾವ ನಾಡಿನಲ್ಲಿಯೂ ಸುಲಭವಾಗಿರಲಿಲ್ಲ. ಪಾಶ್ಚಾತ್ಯರು ಮುಚ್ಚಳವಿಲ್ಲದ ಸೂಜಿಯಿಂದ ಅದನ್ನು ಸಿಕ್ಕಿಸುತ್ತಿದ್ದರು. ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬ ಯಂತ್ರಶಿಲ್ಪಿಯು ೧೫ ಡಾಲರುಗಳ ಸಾಲದ ಚಿಂತೆಯಲ್ಲಿದ್ದಾಗ ಒಂದು ತುಂಡು ತಂತಿಯನ್ನು ತಿರುಚುತ್ತ ಕುಳಿತಿದ್ದನಂತೆ. ತಂತಿಯ ಒಂದು ತುದಿಯನ್ನು ಸುರುಳಿಯಾಗಿ ಸುತ್ತಿ ಚಿಮ್ಮುವಂತೆ ಮಾಡಿ, ಇನ್ನೊಂದು ತುದಿಯ ಮೊನೆಯನ್ನು ಮರೆಯಾಗಿಸುವ ಕೊಂಡಿಯನ್ನು ಮಾಡಿದನು. ೧೮೪೯ ರ ಏಪ್ರಿಲ್ ೧೦ ರಂದು ಅದಕ್ಕೆ ಪೇಟೆಂಟು ದೊರೆಯಿತು; ೪೦೦ ಡಾಲರುಗಳಿಗೆ ಅವನು ಹಕ್ಕನ್ನು ಮಾರಿ ಸಾಲದಿಂದ ಪಾರಾದನು. ಇಂದು ನಮ್ಮ ಹೆಂಗಸರ ಬಳೆಗೂ ತಾಳಿಯ ಸರಕ್ಕೂ ಸಿಕ್ಕಿಸಿರುವ ಪಿನ್ನು ಅದೇ. ಮೊನೆಯ ಭಯವು ಕಡಮೆಯಾಯಿತು. ಆದರೆ ಮುಚ್ಚುವುದಕ್ಕೆ ಮುನ್ನ ಪಿನ್ನು ತೆರೆದಿರಲೇಬೇಕಷ್ಟೆ! ಆ ಕ್ಷಣದಲ್ಲಿಯೇ ಕೂಸು ಹೊರಳುತ್ತದೆ. ಆದುದರಿಂದ ತಾಯಂದಿರು ತಮ್ಮ ಬೆರಳನ್ನು ಬಟ್ಟೆಗೂ ಕೂಸಿನ ಮೈಗೂ ನಡುವೆ ಇಟ್ಟು, ಚುಚ್ಚಿದರೆ ತಮಗೇ ಚುಚ್ಚಲೆಂದು ಪಿನ್ನನ್ನು ಹಾಕುತ್ತಿದ್ದರು. ಈ ವಿದ್ಯೆಯು ಯಾವ ಪೇಟೆಂಟಿನಲ್ಲಿಯೂ ಬರೆದುದಲ್ಲ.

ಪಿನ್ನನ್ನೇ ಕಳೆಯಬೇಕೆಂಬ ಯೋಚನೆ ಹೊಳೆದದ್ದು ಒಬ್ಬ ತಾಯಿಗೆ. ಅಮೆರಿಕದ ಮೇರಿಯನ್ ಡೊನೋವನ್ ಎಂಬಾಕೆಯು, ಎರಡನೆಯ ಮಹಾಯುದ್ಧವು ಮುಗಿದ ಕೆಲವು ವರ್ಷಗಳಲ್ಲಿ, ಸ್ನಾನದ ಮನೆಯ ನೀರು ತಡೆಯುವ ಪರದೆಯನ್ನು ಕತ್ತರಿಸಿ ಹೊಲಿದು ಲಂಗೋಟಿಯ ಮೇಲುಹೊದಿಕೆಯೊಂದನ್ನು ಸಿದ್ಧಪಡಿಸಿದಳು. ಅದಕ್ಕೆ ಪಿನ್ನಿನ ಬದಲು ಒತ್ತುಗುಂಡಿಗಳನ್ನು ಇಟ್ಟಳು. ಕಾರ್ಖಾನೆಗಳವರು ಇದು ಯಾರಿಗೂ ಬೇಡವೆಂದರು. ಆಕೆಯು ಎದೆಗುಂದದೆ ೧೯೪೯ ರಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ತಾನೇ ಮಾರಾಟಕ್ಕಿಟ್ಟಳು. ೧೯೫೧ ರಲ್ಲಿ ಪೇಟೆಂಟು ದೊರೆತು, ಹಕ್ಕು ಹತ್ತು ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಹಂಟನಿಗೆ ತಂತಿ ಗೊತ್ತಿದ್ದಿತು. ಈಕೆಗೆ ರಾತ್ರಿ ಮೂರು ಗಂಟೆಯ ಹೊತ್ತಿನಲ್ಲಿ ಒದ್ದೆಯಾದ ಕೂಸನ್ನು ಎತ್ತಿಕೊಂಡು ನಿಂತವರ ಸ್ಥಿತಿಯು ಗೊತ್ತಿದ್ದಿತು. ಇವೆರಡು ಬಗೆಯ ತಿಳಿವುಗಳೂ ಒಂದೆಡೆ ಕೂಡುವುದು ಅಪೂರ್ವ.

ಕೈಗಾಡಿಯ ಕಥೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ೧೭೩೩ ರಲ್ಲಿ ವಿಲಿಯಂ ಕೆಂಟ್ ಎಂಬ ಪ್ರಸಿದ್ಧ ಉದ್ಯಾನಶಿಲ್ಪಿಯು ಡೆವನ್‌ಷೈರಿನ ಡ್ಯೂಕನ ಮಕ್ಕಳಿಗಾಗಿ ಶಂಖದ ಚಿಪ್ಪಿನ ಆಕಾರದ ಪುಟ್ಟ ರಥವನ್ನು ರಚಿಸಿದನು. ಅದನ್ನು ಎಳೆಯುವುದಕ್ಕೆ ಮೇಕೆಯನ್ನೋ ಸಣ್ಣ ಪ್ರಾಣಿಯನ್ನೋ ಹೂಡಬೇಕು. ಕೂಸಿನ ಅಂದಚೆಂದಕ್ಕೆ ಅದು ತಕ್ಕದ್ದು. ನಡೆಸುವವರ ಪಾಡನ್ನು ಅಲ್ಲಿ ಯಾರೂ ಕೇಳಿದಂತಿಲ್ಲ. ೧೮೫೩ ರಲ್ಲಿ ಚಾರ್ಲ್ಸ್ ಬರ್ಟನ್ ಎಂಬವನು ಲಂಡನ್ನಿನಲ್ಲಿ ಹಿಂದಿನಿಂದ ತಳ್ಳುವ ಗಾಡಿಗೆ ಪೇಟೆಂಟು ಪಡೆದನು. ೧೮೮೯ ರಲ್ಲಿ ಬಾಲ್ಟಿಮೋರಿನ ವಿಲಿಯಂ ರಿಚರ್ಡ್ಸನ್ ಎಂಬ ಕಪ್ಪುಜನಾಂಗದ ಶಿಲ್ಪಿಯು, ಕೂಸಿನ ಮುಖವನ್ನು ಬೇಕಾದಾಗ ತಳ್ಳುವವರ ಕಡೆಗೆ ತಿರುಗಿಸಬಹುದಾದ ತೊಟ್ಟಿಲನ್ನೂ, ಸುಲಭವಾಗಿ ಹೊರಳುವ ಗಾಲಿಗಳನ್ನೂ ಯೋಜಿಸಿದನು. ಆದರೂ ಗಾಡಿಯು ಭಾರವಾಗಿಯೇ ಉಳಿಯಿತು. ಮೆಟ್ಟಿಲಿನ ಬಳಿ, ಬಸ್ಸಿನ ಬಾಗಿಲ ಬಳಿ, ತಾಯಿಯು ನಿಸ್ಸಹಾಯಳಾಗಿ ನಿಲ್ಲುತ್ತಿದ್ದಳು.

ಅದಕ್ಕೆ ಪರಿಹಾರವನ್ನು ಕಂಡವನು ಒಬ್ಬ ತಾತ. ಓವೆನ್ ಮ್ಯಾಕ್ಲಾರೆನ್ ಎಂಬ ಆಂಗ್ಲ ವಿಮಾನಶಿಲ್ಪಿಯು ಸ್ಪಿಟ್‌ಫೈರ್ ಯುದ್ಧವಿಮಾನವು ಇಳಿಯುವಾಗ ಚಾಚಿ, ಹಾರುವಾಗ ಮಡಿಚಿಕೊಳ್ಳುವ ಗಾಲಿಚೌಕಟ್ಟಿನ ಮೇಲೆ ಕೆಲಸಮಾಡಿದವನು. ಭಾರವಾದ ಗಾಡಿಯೊಂದಿಗೆ ಪ್ರಯಾಣಮಾಡುವ ಮಗಳ ಕಷ್ಟವನ್ನು ನೋಡಿ, ೧೯೬೫ ರಲ್ಲಿ ಅಲ್ಯುಮಿನಿಯಂ ಕೊಳವೆಗಳಿಂದ ಸುಮಾರು ಆರು ಪೌಂಡು ತೂಕದ, ಕೊಡೆಯಂತೆ ಮಡಿಚುವ ಗಾಡಿಯನ್ನು ಅವನು ಯೋಜಿಸಿದನು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಗಾಡಿ. ಇದು ಅವನ ಸಂಕಲ್ಪ. ೧೯೬೭ ರಲ್ಲಿ ತನ್ನ ಹಳೆಯ ಕುದುರೆಲಾಯದಲ್ಲಿಯೇ ತಯಾರಿಕೆಯನ್ನು ಆರಂಭಿಸಿದನು. ನಮ್ಮ ಮಿತ್ರರನ್ನು ಧಾರವಾಡದಲ್ಲಿ ಸೋಲಿಸಿದ ಗಾಡಿಯು ಇದರ ವಂಶಕ್ಕೇ ಸೇರಿದ್ದು.

ಆದರೆ ಮಡಿಚುವ ಕೀಲೆಂದರೆ ಒಂದು ಬಗೆಯ ಕತ್ತರಿಯೇ. ೨೦೦೯ ರ ನವೆಂಬರಿನಲ್ಲಿ ಆತನ ಹೆಸರಿನ ಸಂಸ್ಥೆಯೇ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳ ಕೀಲುಗಳಿಗೆ ಹೊದಿಕೆಗಳನ್ನು ಹಂಚಬೇಕಾಯಿತು. ಗಾಡಿಯನ್ನು ಬಿಡಿಸುವಾಗ ಹನ್ನೆರಡು ಮಕ್ಕಳ ಬೆರಳಿನ ತುದಿಗಳು ತುಂಡಾದುವೆಂದು ವರದಿಯಾಗಿದ್ದಿತು. ಗಾಡಿಯನ್ನು ಬಿಡಿಸುತ್ತಿದ್ದವರು ಮೂಢರಲ್ಲ, ಕ್ರೂರರೂ ಅಲ್ಲ. ಕೂಸಿನ ಕೈ ಎಲ್ಲಿದೆಯೆಂದು ಒಂದು ನಿಮಿಷ ನೋಡದ ತಾಯಿತಂದೆಗಳು. ಒಂದು ಚೂರು ಹೊದಿಕೆಯು ಮಾಡಬಹುದಾಗಿದ್ದ ಕೆಲಸವನ್ನು ಅವರ ಎಚ್ಚರಕ್ಕೆ ಬಿಟ್ಟಿದ್ದುದೇ ಅನರ್ಥಕ್ಕೆ ಕಾರಣ.

ಎಲ್ಲಕ್ಕಿಂತ ಗೋಜಲಾದುದು ಕಾರಿನಲ್ಲಿ ಕೂಸನ್ನು ಕೂಡಿಸುವ ಆಸನ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವಿದ್ವಾಂಸನು, ಗಗನಯಾತ್ರಿಗಳು ಬೆನ್ನಿನಿಂದ ಒತ್ತಡವನ್ನು ತಾಳುವ ರೀತಿಯನ್ನು ಕಂಡು, ಹಿಮ್ಮುಖವಾಗಿ ಕೂಡಿಸುವ ಮಕ್ಕಳ ಆಸನವನ್ನು ೧೯೬೪ ರಲ್ಲಿ ರೂಪಿಸಿದನು. ಕೂಸಿನ ತಲೆಯು ಭಾರ, ಕುತ್ತಿಗೆಯು ಎಳೆಯದು. ಡಿಕ್ಕಿಯಾದಾಗ ಆಘಾತವು ಬೆನ್ನಿನುದ್ದಕ್ಕೂ ಹರಡಿದರೆ ಕುತ್ತಿಗೆ ಉಳಿಯುತ್ತದೆ. ಅಮೆರಿಕದ ಟೆನೆಸೀ ಪ್ರಾಂತದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರ ಪರಿಶ್ರಮದಿಂದ ಇಂಥ ಆಸನವನ್ನು ಕಡ್ಡಾಯಮಾಡುವ ಮೊದಲ ಶಾಸನವು ೧೯೭೮ ರ ಜನವರಿ ೧ ರಿಂದ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ೨೦೧೯ ರ ಮೋಟಾರು ವಾಹನ ತಿದ್ದುಪಡಿ ಶಾಸನವು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸಬೇಕೆಂದು ವಿಧಿಸಿ, ತಪ್ಪಿದರೆ ೧೦೦೦ ರೂಪಾಯಿಗಳ ದಂಡವನ್ನು ಇಟ್ಟಿದೆ.

ಆಸನವನ್ನು ಕೊಂಡರೆ ಸಾಲದು, ಅದನ್ನು ಕಾರಿಗೆ ಬಿಗಿಯಬೇಕು. ಪಟ್ಟಿಯು ಸಡಿಲವಾಗಿರಬಾರದು, ತಿರುಚಿರಬಾರದು, ಹೆಗಲಿನ ಎತ್ತರಕ್ಕೆ ಸರಿಯಾಗಿರಬೇಕು, ಆಸನವು ತಕ್ಕ ಓರೆಯಲ್ಲಿ ಕೂಡಬೇಕು. ಅಮೆರಿಕದ ಹೆದ್ದಾರಿ ಸುರಕ್ಷತೆಯ ಸರಕಾರಿ ಇಲಾಖೆಯು ೨೦೧೫ ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮಕ್ಕಳ ಆಸನಗಳಲ್ಲಿ ಶೇಕಡಾ ೪೬ ರಲ್ಲಿ ಒಂದಿಲ್ಲೊಂದು ದೊಡ್ಡ ತಪ್ಪಿದ್ದಿತು. ಪಟ್ಟಿಯ ತೊಡಕನ್ನು ತಪ್ಪಿಸಲು ಕಾರಿನ ಚೌಕಟ್ಟಿಗೇ ಕೊಂಡಿಗಳನ್ನು ಬೆಸೆಯುವ ಏರ್ಪಾಡು ೨೦೦೨ ರಿಂದ ಅಲ್ಲಿ ಕಡ್ಡಾಯವಾಗಿದ್ದರೂ ಫಲವು ಇಷ್ಟೇ. ಆದುದರಿಂದ ಆ ದೇಶದವರು ಇನ್ನೊಂದು ಉಪಾಯವನ್ನೂ ಮಾಡಿದ್ದಾರೆ. ಪೋಲೀಸಿನವರು, ಬೆಂಕಿ ಆರಿಸುವ ದಳದವರು, ದಾದಿಯರು ಮುಂತಾದವರಿಗೆ ಶಿಕ್ಷಣ ಕೊಟ್ಟು, ಪರೀಕ್ಷೆ ಮಾಡಿ, ತಜ್ಞರೆಂದು ನೇಮಿಸಿದ್ದಾರೆ. ತಾಯಿತಂದೆಗಳು ಕಾರನ್ನು ಅವರ ಬಳಿಗೆ ತಂದರೆ, ಅವರು ತಾವೇ ಬಿಗಿದುಕೊಟ್ಟು ಸುಮ್ಮನಾಗುವುದಿಲ್ಲ; ತಾಯಿತಂದೆಗಳ ಕೈಯಿಂದಲೇ ಮಾಡಿಸಿ ತೋರಿಸುತ್ತಾರೆ. ಇದನ್ನು ಓದಿದಾಗ ನನಗೆ ಬಾಣಂತಿಯ ಕೈಯ ಮೇಲೆ ಕೈಯಿಟ್ಟ ಅಜ್ಜಿಯ ನೆನಪಾಯಿತು. ಒಂದು ದೊಡ್ಡ ರಾಷ್ಟ್ರವು ಕಳೆದುಕೊಂಡ ಅಜ್ಜಿಯನ್ನು ಪರೀಕ್ಷೆ ನಡೆಸಿ ಮತ್ತೆ ಹುಡುಕಿಕೊಂಡಂತಾಯಿತು.

ನಮ್ಮ ಸ್ಥಿತಿಯನ್ನು ನೋಡಿಕೊಳ್ಳೋಣ. ನಮ್ಮ ಜಿಲ್ಲೆಯ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲುಗಳನ್ನು ಮಾಡುತ್ತ ಬಂದಿದ್ದಾರೆ. ಪುರಾಣದ ಚಿತ್ರಗಳನ್ನು ಬರೆದ ಆ ಮರದ ತೊಟ್ಟಿಲು ಒಂದೇ ಮನೆಯಲ್ಲಿ ಮೂರು ತಲೆಮಾರುಗಳ ಕೂಸುಗಳನ್ನು ತೂಗಿದ್ದುಂಟು. ಅದನ್ನು ಎಷ್ಟೆತ್ತರಕ್ಕೆ ತೂಗುಹಾಕಬೇಕೆಂದು ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಇಂದಿನ ಸಲಕರಣೆಯಾದರೋ ಅಣ್ಣನ ಕಾಲಕ್ಕೆ ಒಂದು ಬಗೆ, ತಂಗಿಯ ಕಾಲಕ್ಕೆ ಇನ್ನೊಂದು ಬಗೆ. ಅಜ್ಜಿಯೇ ಮೊಮ್ಮಗಳಿಂದ ಕಲಿಯಬೇಕು. ಮೊಮ್ಮಗಳು ಇರುವೆಸಾಲಿನಂತಹ ಅಕ್ಷರದ ಕಾಗದದಿಂದ ಕಲಿಯಬೇಕು. ಕೌಶಲವು ಮೊದಲೂ ಬೇಕಾಗಿದ್ದಿತು, ಈಗಲೂ ಬೇಕು. ಆದರೆ ಕಲಿಸುವವರ ಸರಪಳಿ ಕಡಿದುಹೋಗಿದೆ. ನಮ್ಮ ಮಿತ್ರರ ನಾಚಿಕೆಯು ಆ ಕಡಿದ ಕೊಂಡಿಯದೇ ಹೊರತು ಅವರ ಬುದ್ಧಿಯದಲ್ಲ.

ಹೀಗೆಂದು ಹಳೆಯದಕ್ಕೇ ಮರಳೋಣವೆಂದು ನಾನು ಹೇಳುವುದಿಲ್ಲ. ಒಳಲೆಯೂ ಕುದಿಯುವ ನೀರಿನಲ್ಲಿ ಶುದ್ಧವಾಗದಿದ್ದರೆ ಸೀಸೆಯಷ್ಟೇ ಅಪಾಯಕರ. ಹಾಗಿದ್ದರೂ ಅದು ಬಾಯಗಲವಾಗಿ ತೆರೆದ ಪಾತ್ರೆಯಾದ್ದರಿಂದ ಕೊಳೆಯನ್ನು ಮುಚ್ಚಿಡಲಾರದು. ಕಡಮೆ ತೂಕದ ಕೂಸುಗಳಿಗೆ ಹಾಲು ಕುಡಿಸಲು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಆ ಬಗೆಯ ಪಾತ್ರೆಯು ಇಂದಿಗೂ ಬಳಕೆಯಲ್ಲಿದೆ. ಹಾಲಿನ ಸೀಸೆಯ ಜಾಹೀರಾತನ್ನೇ ನಿಷೇಧಿಸಿದ ೧೯೯೨ ರ ಭಾರತದ ಶಾಸನದ ಹಿಂದೆಯೂ ಇಂತಹ ಅನುಭವದ ಪಾಠವೇ ಇದೆ. ಮಾಡುವವರಲ್ಲಿ ನಮ್ಮ ಬೇಡಿಕೆ ಇಷ್ಟೇ: ಎರಡು ಕೈಗಳೂ ಬಿಡುವಾಗಿದ್ದು ನಿದ್ದೆಮಾಡಿ ಎದ್ದವರಿಗಾಗಿ ಅಲ್ಲ, ಒಂದೇ ಕೈಯುಳ್ಳ, ನಿದ್ದೆಗೆಟ್ಟ, ಗಾಬರಿಗೊಂಡ ಮನುಷ್ಯನಿಗಾಗಿ ಇವನ್ನು ರಚಿಸಿರಿ. ಮನೆಯವರಲ್ಲಿ ಬೇಡಿಕೆಯೂ ಒಂದುಂಟು: ಬಾರದವರನ್ನು ನೋಡಿ ನಗಬೇಡಿರಿ. ನಾಚಿದವನು ಕೇಳುವುದಿಲ್ಲ, ಕೇಳದವನು ಊಹೆಯಿಂದ ಬಿಗಿಯುತ್ತಾನೆ, ಊಹೆಯಿಂದ ಬಿಗಿದ ಪಟ್ಟಿಯಲ್ಲಿ ಕೂಡುವುದು ಕೂಸು.

ಎರಡು ತಿಂಗಳ ಬಳಿಕ ಮಿತ್ರರ ಮನೆಗೆ ಹೋಗಿದ್ದೆನು. ಮಗಳು ಪರದೇಶಕ್ಕೆ ಮರಳಿದ್ದಳು. ಗಾಡಿಯನ್ನು ಇಲ್ಲಿಯೇ ಬಿಟ್ಟು ಹೋಗಿದ್ದಳು. ಅಂಗಳದಲ್ಲಿ ನೆರೆಮನೆಯ ವೃದ್ಧರೊಬ್ಬರು ತಮ್ಮ ಮೊಮ್ಮಗನಿಗಾಗಿ ಅದನ್ನು ಕಡ ಕೊಂಡೊಯ್ಯಲು ಬಂದಿದ್ದರು. ಮಿತ್ರರು ಗಾಡಿಯನ್ನು ಬಿಡಿಸಿ, ಮಡಿಚಿ, ಮತ್ತೆ ಬಿಡಿಸಿ, ಕೂಸಿನ ಬೆರಳು ಎಲ್ಲಿ ಸಿಕ್ಕೀತೆಂದು ಮೊದಲು ತೋರಿಸಿ, ಆಮೇಲೆ ಆ ವೃದ್ಧರ ಕಾಲನ್ನು ತಕ್ಕ ಕೊಂಡಿಯ ಮೇಲೆ ಇಡಿಸುತ್ತಿದ್ದರು. ವೃದ್ಧರು ಹಿಂಜರಿದರು. “ಸಂಕೋಚ ಬೇಡ,” ಎಂದರು ಮಿತ್ರರು, “ನನಗೂ ಬಂದಿರಲಿಲ್ಲ. ಇನ್ನೊಮ್ಮೆ ಒತ್ತಿರಿ.”